ನಾನು ಓದದೆ ಬಿಟ್ಟ ಕಲಂ

ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಒಂದು ನಿಯಮವಿದೆ. ಮಾಲೀಕರು ಸ್ವತಃ ವಾಸವಾಗಿರುವ ಮನೆಯಲ್ಲಿ ಮಾತ್ರ ನಾಲ್ಕಾರು ದಿನಕ್ಕೋ ನಾಲ್ಕಾರು ವಾರಕ್ಕೋ ಬರುವವರಿಗೆ ಕೋಣೆ ಬಾಡಿಗೆಗೆ ಕೊಡಬಹುದು. ತಾವು ಬೇರೆಲ್ಲೋ ಇದ್ದುಕೊಂಡು, ಮೊಬೈಲಿನಲ್ಲೇ ಗಿರಾಕಿ ಹಿಡಿದು, ಬೀಗದ ಕೈಯನ್ನು ವಾಚ್‌ಮನ್ ಹತ್ತಿರ ಇಟ್ಟು ಹೋಗುವ ವ್ಯವಹಾರ ಇಲ್ಲಿ ನಡೆಯುವುದಿಲ್ಲ. ಆ ನಿಯಮ ಬರೆದವನು ನಾನು. ಒಳ್ಳೆಯ ನಿಯಮವೇ, ಈಗಲೂ ಹಾಗೇ ಅನ್ನುತ್ತೇನೆ. ಬರೆದವನ ಬಗ್ಗೆ ಮಾತ್ರ ನನಗೆ ಮೊದಲಿದ್ದಷ್ಟು ಅಭಿಮಾನ ಈಗ ಇಲ್ಲ.

ನಾನು ಮೂವತ್ತನಾಲ್ಕು ವರ್ಷ ತುರ್ಭೆಯ ಒಂದು ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ದುಡಿದವನು. ಯಾರು ಎಷ್ಟು ಹೊತ್ತಿಗೆ ಗೇಟಿನ ಒಳಗೆ ಬಂದರು, ಎಷ್ಟು ಹೊತ್ತಿಗೆ ಹೊರಗೆ ಹೋದರು ಎಂದು ನೋಡುವುದು, ತಡವಾದವರಿಗೆ ನೋಟಿಸು ಬರೆಯುವುದು, ಇದೇ ಕೆಲಸ. ನನ್ನ ನೋಟಿಸಿನಲ್ಲಿ ನುಸುಳಿಕೊಂಡು ಹೋಗಲು ಎಲ್ಲೂ ಸಂದು ಸಿಗುವುದಿಲ್ಲ ಎಂದು ಮ್ಯಾನೇಜರು ಹೊಗಳುತ್ತಿದ್ದರು. ಆ ಹೊಗಳಿಕೆ ತಲೆಗೇರಿ ಇಳಿಯಲೇ ಇಲ್ಲ. ಆಗ ನಾವಿದ್ದ ಠಾಣೆಯ ಕೋಪರಿಯ ಎರಡು ಕೋಣೆಯ ಮನೆಯಲ್ಲಿ ನನ್ನ ಇಬ್ಬರು ತಮ್ಮಂದಿರೂ ನಮ್ಮ ಜೊತೆಗಿದ್ದ ಕಾಲದಲ್ಲಿ ಸ್ನಾನದ ಪಾಳಿಯ ಪಟ್ಟಿ ಬರೆದು ಗೋಡೆಗೆ ಅಂಟಿಸಿದ್ದೆನಂತೆ. ನನಗೆ ನೆನಪಿಲ್ಲ. ನನ್ನ ಹೆಂಡತಿಗೆ ಚೆನ್ನಾಗಿ ನೆನಪಿದೆ, ಬಂದವರಿಗೆಲ್ಲ ಹೇಳುತ್ತಾಳೆ.

ನಿವೃತ್ತಿಯಾದ ಮೇಲೆ ನೆರೂಳಿನ ಈ ಕಟ್ಟಡಕ್ಕೆ ಬಂದೆವು. ಎರಡನೇ ವರ್ಷಕ್ಕೇ ನನ್ನನ್ನು ಸೊಸೈಟಿಯ ಸೆಕ್ರೆಟರಿ ಮಾಡಿದರು. ಬೇರೆ ಯಾರಿಗೂ ಬೇಡವಾಗಿದ್ದ ಕೆಲಸ ಅದು, ಆದರೂ ನಾನು ಒಳಗೊಳಗೇ ಹಿಗ್ಗಿದೆ. ಕಮಿಟಿಯಲ್ಲಿ ಏಳು ಜನ. ಕನ್ನಡದವನು ನಾನೊಬ್ಬನೇ. ಇಡೀ ಕಟ್ಟಡದಲ್ಲೇ ಕನ್ನಡದ ಮನೆಗಳು ಎರಡು: ಒಂದು ನಮ್ಮದು, ಉಡುಪಿ ಕಡೆಯವರದು, ಮನೆಯೊಳಗಿನ ಮಾತೆಲ್ಲ ತುಳುವಿನದು. ಇನ್ನೊಂದು ಮೂರನೇ ಮಹಡಿಯಲ್ಲಿದ್ದ ಅಕ್ಕನದು.

ಅಕ್ಕ ಎಂದರೆ ಸಂಬಂಧದ ಅಕ್ಕ ಅಲ್ಲ. ನನಗಿಂತ ಎರಡು ವರ್ಷ ಚಿಕ್ಕವರೇ. ಕಟ್ಟಡದ ಮರಾಠಿಯವರು, ಮಲಯಾಳಿಗಳು ಎಲ್ಲ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದುದರಿಂದ ನಾನೂ ಹಾಗೇ ಕರೆದೆ. ಅವರು ಬಾಗಲಕೋಟೆ ಕಡೆಯವರು. ಗಂಡ ವಾಶಿಯ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುತ್ತಿದ್ದವರು, ತೀರಿಕೊಂಡು ಆರು ವರ್ಷ ಆಗಿತ್ತು. ಒಬ್ಬಳೇ ಮಗಳು, ಮದುವೆಯಾಗಿ ಡೊಂಬಿವಲಿಯಲ್ಲಿ. ಎರಡು ಬೆಡ್‌ರೂಮಿನ ಮನೆಯಲ್ಲಿ ಒಂದನ್ನು ಅಕ್ಕ ಆಸ್ಪತ್ರೆಗೆಂದು ಊರಿನಿಂದ ಬರುವವರಿಗೆ ಕೊಡುತ್ತಿದ್ದರು. ನಮ್ಮಿಂದ ಆಟೋದಲ್ಲಿ ಹೋಗುವಷ್ಟು ದೂರದಲ್ಲಿ ಕ್ಯಾನ್ಸರಿಗೆ ಚಿಕಿತ್ಸೆ ಕೊಡುವ ದೊಡ್ಡ ಆಸ್ಪತ್ರೆಯಿದೆ. ಗದಗ, ಹಾವೇರಿ, ಕೊಪ್ಪಳದಿಂದೆಲ್ಲ ಅಲ್ಲಿಗೆ ಬರುತ್ತಾರೆ. ಕರೆಂಟು ಕೊಡಿಸುವುದು ಎಂದು ನಮ್ಮ ಜನ ಹೇಳುವ ಆ ರೇಡಿಯೇಶನ್ ಐದಾರು ವಾರ ನಡೆಯುತ್ತದೆ. ಅಷ್ಟು ದಿನ ಲಾಡ್ಜಿನಲ್ಲಿ ಇರಲಾಗದು, ಧರ್ಮಶಾಲೆಯಲ್ಲಿ ಪಾಳಿ ಬರುವುದಿಲ್ಲ. ಅಕ್ಕನ ಮನೆಯಲ್ಲಿ ಕೋಣೆಯ ಜೊತೆಗೆ ಅಡುಗೆಮನೆಯೂ ಸಿಗುತ್ತಿತ್ತು, ಗಂಜಿ ತಿಳಿ ಮಾಡಿಕೊಳ್ಳಲು ಒಲೆ, ಮಾತಾಡಲು ಒಂದು ಕನ್ನಡದ ಬಾಯಿ. ಅವರ ಬಗ್ಗೆ ಯಾರ ತಕರಾರೂ ಇರಲಿಲ್ಲ.

ತಕರಾರು ಇದ್ದದ್ದು ಆರನೇ ಮಹಡಿಯ ಮನೆಯ ಬಗ್ಗೆ. ಅದರ ಮಾಲೀಕರು ಠಾಣೆಯ ವರ್ತಕ ನಗರದಲ್ಲಿ ಇರುವವರು, ಇಲ್ಲಿ ಒಂದು ದಿನವೂ ಮಲಗಿದವರಲ್ಲ. ಮನೆಯನ್ನು ಆ್ಯಪಿನಲ್ಲಿ ಹಾಕಿ ಶನಿವಾರ, ಭಾನುವಾರಕ್ಕೆ ಕೊಡುತ್ತಿದ್ದರು. ಬಂದವರ ಕುಣಿತ, ಮೆಟ್ಟಿಲ ಮೇಲೆ ಬಾಟಲಿ, ಲಿಫ್ಟಿನಲ್ಲಿ ವಾಂತಿ. ಬೆಳಿಗ್ಗೆ ಶಾಲೆಗೆ ಹೊರಟ ಮಕ್ಕಳು ಅದನ್ನು ದಾಟಿಕೊಂಡು ಹೋಗಬೇಕು. ಕೇಳಿದರೆ, ನನ್ನ ಮನೆ, ನಾನು ಯಾರಿಗಾದರೂ ಕೊಡುತ್ತೇನೆ ಎಂಬ ಉತ್ತರ. ಜನರಲ್ ಬಾಡಿ ಮೀಟಿಂಗಿನಲ್ಲಿ ಎಲ್ಲರೂ ನನ್ನ ಕಡೆ ತಿರುಗಿ, ಸೆಕ್ರೆಟರಿ ಸಾಹೇಬರೇ, ಒಂದು ನಿಯಮ ಬರೆಯಿರಿ ಎಂದರು. ನನಗೂ ಅದೇ ಬೇಕಾಗಿತ್ತು.

ಎಂಟು ದಿನ ಕೂತು ಬರೆದೆ. ಆರು ಕಲಂ. ಬಾಡಿಗೆಗೆ ಬಂದವರು ಇರುವಷ್ಟು ದಿನ ಮಾಲೀಕರು ಅದೇ ಮನೆಯಲ್ಲಿ ಮಲಗಬೇಕು. ಮಲಗುತ್ತಾರೆ ಎನ್ನುವುದಕ್ಕೆ ಗೇಟಿನಲ್ಲಿರುವ ರಿಜಿಸ್ಟರಿನಲ್ಲಿ ಪ್ರತಿದಿನ ರಾತ್ರಿ ಹತ್ತರೊಳಗೆ ಸಹಿ ಹಾಕಬೇಕು. ಎರಡು ದಿನದ ಸಹಿ ತಪ್ಪಿದರೆ ಬಂದವರು ಮರುದಿನ ಮನೆ ಬಿಡಬೇಕು. ಕಾರ್ಖಾನೆಯ ಮಸ್ಟರ್ ರೋಲನ್ನು ತಂದು ಮನೆಯ ಬಾಗಿಲಿಗೆ ಇಟ್ಟಿದ್ದೀರಿ ಎಂದು ಹೆಂಡತಿ ಗೊಣಗಿದಳು. ತನ್ನ ಮನೆಯಲ್ಲಿ ತಾನಿದ್ದೇನೆ ಎಂದು ಮನುಷ್ಯ ಸಹಿ ಹಾಕಬೇಕೇ ಎಂದೂ ಕೇಳಿದಳು. ನಿನಗೆ ಆಡಳಿತ ಗೊತ್ತಾಗುವುದಿಲ್ಲ ಎಂದು ಅವಳ ಬಾಯಿ ಮುಚ್ಚಿಸಿದೆ.

ಏಳನೇ ಕಲಂ ನನ್ನದಲ್ಲ. ಕಮಿಟಿಯಲ್ಲಿ ಚರ್ಚೆಗೆ ಬಂದಾಗ ಸೇರಿದ್ದು. ಮನೆಯಲ್ಲಿ ಸಾವು, ಹೆರಿಗೆ, ಕಾಯಿಲೆ ಇಂಥದ್ದು ಬಂದರೆ ಮಾಲೀಕರು ಅರ್ಜಿ ಕೊಡಬಹುದು, ಸೆಕ್ರೆಟರಿ ನಲವತ್ತೈದು ದಿನದವರೆಗೆ ವಿನಾಯಿತಿ ಕೊಡಬಹುದು. ನನಗೆ ಅದು ಹಿಡಿಸಲಿಲ್ಲ. ಇಷ್ಟು ಗಟ್ಟಿಯಾಗಿ ಗೋಡೆ ಕಟ್ಟಿ ಕೊನೆಗೆ ಒಂದು ಕಿಟಕಿ ಇಟ್ಟ ಹಾಗಾಯಿತು ಎಂದೆ. ಆಗ ಖಜಾಂಚಿಯವರು ನಗುತ್ತಾ ಮರಾಠಿಯಲ್ಲಿ ಒಂದು ಮಾತು ಹೇಳಿದರು: ಮೊದಲ ವಿನಾಯಿತಿ ಹೇಗೂ ಸೆಕ್ರೆಟರಿಯವರ ಕನ್ನಡದ ಅಕ್ಕನಿಗೇ ಹೋಗುತ್ತದೆ ಬಿಡಿ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಆ ಮಾತು ನನ್ನನ್ನು ಚುಚ್ಚಿತು. ಮೂವತ್ತನಾಲ್ಕು ವರ್ಷದಲ್ಲಿ ನಮ್ಮವರು ಎಂದು ಯಾರ ಒಂದು ನಿಮಿಷದ ತಡವನ್ನೂ ಬಿಟ್ಟವನಲ್ಲ ನಾನು. ಊರಿನ ಹುಡುಗರು ನನ್ನ ಗೇಟಿಗಿಂತ ಬೇರೆ ಗೇಟೇ ವಾಸಿ ಎನ್ನುತ್ತಿದ್ದರು, ಅದನ್ನು ನಾನು ಬಿರುದಿನಂತೆ ಇಟ್ಟುಕೊಂಡಿದ್ದೆ. ಅಂಥವನಿಗೆ ಈ ಮಾತು.

ನಿಯಮ ಒಮ್ಮತದಿಂದ ಪಾಸಾಯಿತು. ವರ್ತಕ ನಗರದವರು ಸಿಟ್ಟಿನಿಂದ ಎದ್ದು ಹೋದರು. ಒಂದೊಂದು ಪ್ರತಿ ಎಲ್ಲರ ಮನೆಗೂ ಹೋಯಿತು, ಇಂಗ್ಲಿಷಿನಲ್ಲಿ ಒಂದು ಪುಟ, ಮರಾಠಿಯಲ್ಲಿ ಒಂದು ಪುಟ. ಮರುದಿನ ಸಂಜೆ ಅಕ್ಕ ಫೋನು ಮಾಡಿ, ಕಾಗದ ಓದಿ ಹೇಳಬೇಕು ಬನ್ನಿ ಎಂದು ಕರೆದರು. ಅವರಿಗೆ ಬಾಯಲ್ಲಿ ಮರಾಠಿ ಸರಾಗ, ಸರಕಾರಿ ಕಾಗದದ ಮರಾಠಿ ಅರ್ಥವಾಗದು. ಇಂಗ್ಲಿಷು ಬಾರದು. ಕನ್ನಡವನ್ನಾದರೆ ದಪ್ಪ ದಪ್ಪ ಅಕ್ಷರದಲ್ಲಿ ಬರೆಯುತ್ತಾರೆ, ಓದುತ್ತಾರೆ.

ಹೋದೆ. ಚಹಾ, ಮೇಲೆ ಶೇಂಗಾ ಚಟ್ನಿ ಉದುರಿಸಿದ ಹಚ್ಚಿದ ಅವಲಕ್ಕಿ. ಕನ್ನಡಕ ಹಾಕಿಕೊಂಡು ಒಂದೊಂದೇ ಕಲಂ ಕನ್ನಡದಲ್ಲಿ ಬಿಡಿಸಿ ಹೇಳಿದೆ. ಅವರು ಪ್ರತಿಯೊಂದಕ್ಕೂ ತಲೆಯಾಡಿಸಿ, ಖರೇ ಅದ, ಹಿಂಗ ಇರಬೇಕು ಎಂದರು. ಆರನೆಯದಕ್ಕೆ ಬಂದೆ. ಏಳನೆಯದರ ಮೇಲೆ ಕಣ್ಣು ಬಿತ್ತು. ಖಜಾಂಚಿಯ ನಗು ಕಿವಿಗೆ ಬಂತು. ಇದನ್ನು ಈಗ ಹೇಳಿದರೆ ನಾಳೆ ಇವರು ಅರ್ಜಿ ಹಿಡಿದು ಬರುತ್ತಾರೆ, ನಾನು ಸಹಿ ಹಾಕಬೇಕಾಗುತ್ತದೆ, ಆಗ ಎಲ್ಲರೂ ನೋಡಿದಿರಾ ಎನ್ನುತ್ತಾರೆ ಎಂದು ಅನಿಸಿತು. ಬೇಕಾದ ಕಾಲಕ್ಕೆ ಹೇಳಿದರಾಯಿತು ಎಂದುಕೊಂಡು, ಇಷ್ಟೇ ಅಕ್ಕ ಎಂದು ಕಾಗದ ಮಡಚಿ ಕೊಟ್ಟೆ. ಅವಲಕ್ಕಿ ಪೂರ್ತಿ ತಿಂದೇ ಎದ್ದೆ.

ಬೇಕಾದ ಕಾಲ ಬರಲು ನಾಲ್ಕು ತಿಂಗಳೂ ಹಿಡಿಯಲಿಲ್ಲ. ಗದಗದ ಹತ್ತಿರದ ಹಳ್ಳಿಯ ಒಂದು ದಂಪತಿ ಅಕ್ಕನ ಕೋಣೆಗೆ ಬಂದರು. ಗಂಡನಿಗೆ ಗಂಟಲಿನ ಕ್ಯಾನ್ಸರು. ಮೂಗಿನಿಂದ ಹೊಟ್ಟೆಗೆ ನಳಿಕೆ ಹಾಕಿದ್ದರು, ಎರಡೆರಡು ಗಂಟೆಗೆ ತಿಳಿ ಮಾಡಿ ಸೋಸಿ ಹಾಕಬೇಕು. ಅಡುಗೆಮನೆ ಇಲ್ಲದ ಜಾಗದಲ್ಲಿ ಅವರು ಇರುವಂತೆಯೇ ಇರಲಿಲ್ಲ. ಆರು ವಾರದ ಕರೆಂಟು. ಎರಡು ವಾರ ಮುಗಿದಿತ್ತು, ಅಷ್ಟರಲ್ಲಿ ಡೊಂಬಿವಲಿಯ ಮಗಳಿಗೆ ಡಾಕ್ಟರು ಹಾಸಿಗೆ ಬಿಟ್ಟು ಏಳಬಾರದು ಎಂದರು. ಮದುವೆಯಾಗಿ ಒಂಬತ್ತು ವರ್ಷದ ಮೇಲೆ ನಿಂತ ಬಸಿರು ಅದು. ಹೆರಿಗೆಗೆ ಇನ್ನೂ ಎರಡು ತಿಂಗಳಿತ್ತು. ಅಳಿಯನಿಗೆ ಒಂದು ವಾರ ಹಗಲು ಪಾಳಿ, ಒಂದು ವಾರ ರಾತ್ರಿ ಪಾಳಿ. ಅತ್ತೆಯ ಮನೆಯವರು ಯಾರೂ ಇಲ್ಲಿಲ್ಲ. ಅವ್ವನೇ ಹೋಗಬೇಕು.

ಅಕ್ಕ ನಮ್ಮ ಬಾಗಿಲಿಗೆ ಬಂದು ವಿಷಯ ಹೇಳಿದರು. ನಾನು ಹೋಗತೀನಿ, ಆದರೆ ಇವರನ್ನು ನಡುನೀರಿನಲ್ಲಿ ಹೆಂಗ ಬಿಡಲಿ ಎಂದರು. ಬಾಗಿಲಲ್ಲೇ ನಿಂತಿದ್ದರು, ಒಳಗೆ ಬನ್ನಿ ಎಂದರೂ ಬರಲಿಲ್ಲ. ಅದೇ ವಾರ ವರ್ತಕ ನಗರದವರು ನನಗೆ ಉದ್ದನೆಯ ಮೇಲ್ ಬರೆದಿದ್ದರು. ನಿಯಮ ನನಗೆ ಮಾತ್ರವೋ, ನಿಮ್ಮ ಭಾಷೆಯವರಿಗೂ ಇದೆಯೋ ನೋಡುತ್ತೇನೆ ಎಂದು ಅದರಲ್ಲಿತ್ತು. ವಾರಕ್ಕೊಮ್ಮೆ ಬಂದು ಗೇಟಿನ ರಿಜಿಸ್ಟರಿನ ಫೋಟೋ ಹೊಡೆದುಕೊಂಡು ಹೋಗುತ್ತಿದ್ದರು. ಆ ಮೇಲ್ ತಲೆಯಲ್ಲಿ ಕುಳಿತಿತ್ತು. ನಾನು ಅಕ್ಕನಿಗೆ ಹೇಳಿದ್ದು ಇಷ್ಟು:

"ಹೋಗಿ ಬನ್ನಿ ಅಕ್ಕ. ಮಗಳಲ್ವಾ, ಹೋಗದೆ ಆಗ್ತದಾ. ಆದ್ರೆ ರೂಲ್ ಗೊತ್ತುಂಟಲ್ಲ."

"ಗೊತ್ತದರಿ ಅಣ್ಣಾರ. ರಾತ್ರಿ ಬಂದು ಮಕ್ಕೋತೀನಿ" ಎಂದು ಮೆಟ್ಟಿಲು ಹತ್ತಿದರು.

ಬಾಯಿಮಾತಿಗೆ ಹಾಗೆ ಅಂದರು, ಎರಡು ದಿನ ಓಡಾಡಿ ಮೂರನೇ ದಿನ ಬಂದು ಏನಾದರೂ ದಾರಿ ಇದೆಯಾ ಎಂದು ಕೇಳುತ್ತಾರೆ, ಕೇಳಿದರೆ ಆಗ ಏಳನೇ ಕಲಂ ಹೇಳಿದರಾಯಿತು, ಕೇಳಿದ ಮೇಲೆ ಕೊಟ್ಟರೆ ಯಾರೂ ನನ್ನನ್ನು ಅನ್ನುವ ಹಾಗಿಲ್ಲ ಎಂದು ಲೆಕ್ಕ ಹಾಕಿದೆ. ಟೈಮ್ ಆಫೀಸಿನವರ ಬುದ್ಧಿ ಅದು. ಅರ್ಜಿ ಕೊಡದವನಿಗೆ ರಜೆ ಇಲ್ಲ. ಅರ್ಜಿ ಎನ್ನುವುದು ಒಂದು ಇದೆ ಎಂದೇ ಗೊತ್ತಿಲ್ಲದವರು ಅದನ್ನು ಕೇಳುವುದು ಹೇಗೆ ಎಂದು ಮಾತ್ರ ಯೋಚಿಸಲಿಲ್ಲ.

ಅವರು ಕೇಳಲು ಬರಲಿಲ್ಲ. ಬೆಳಿಗ್ಗೆ ಐದೂವರೆಗೆ ಮನೆ ಬಿಡುತ್ತಿದ್ದರು. ನೆರೂಳಿನಿಂದ ಠಾಣೆ, ಠಾಣೆಯಲ್ಲಿ ಇಡೀ ಸೇತುವೆ ದಾಟಿ ಇನ್ನೊಂದು ಪ್ಲಾಟ್‌ಫಾರ್ಮಿಗೆ ಹೋಗಿ ಡೊಂಬಿವಲಿ. ಹಗಲೆಲ್ಲ ಮಗಳ ಆರೈಕೆ, ಅಡುಗೆ, ಬಟ್ಟೆ. ಸಂಜೆ ಅವಳಿಗೆ ಊಟ ಬಡಿಸಿಟ್ಟು ಮತ್ತೆ ಅದೇ ದಾರಿ. ಒಂಬತ್ತೂವರೆ ಸುಮಾರಿಗೆ ಗೇಟಿನಲ್ಲಿ ಸಹಿ. ಆ ರಿಜಿಸ್ಟರಿನಲ್ಲಿ ಇಂಗ್ಲಿಷ್, ಮರಾಠಿ ಗೀಚುಗಳ ನಡುವೆ ಅವರದೊಂದೇ ಕನ್ನಡದ ಸಹಿ. ವಾರದ ಕೊನೆಗೆ ರಿಜಿಸ್ಟರು ನನ್ನ ಹತ್ತಿರ ಬರುತ್ತಿತ್ತು. ಆ ದಪ್ಪ ಅಕ್ಷರದ ಹೆಸರು ಏಳೂ ದಿನ ಇತ್ತು. ಮೊದಲ ವಾರ ನನಗೆ ಬಂದದ್ದು ಸಿಟ್ಟು. ನನ್ನನ್ನು ನಾಚಿಸಬೇಕೆಂದೇ ಹಟ ಮಾಡುತ್ತಿದ್ದಾರೆ, ಬಾಗಲಕೋಟೆ ಕಡೆಯವರೇ ಹೀಗೆ, ಮುಖಕ್ಕೆ ಹೊಡೆದ ಹಾಗೆ ಮಾಡುತ್ತಾರೆ ಎಂದು ಹೆಂಡತಿಯ ಮುಂದೆ ಕೂಗಾಡಿದೆ. ಅವಳಿಗೂ ನಾನು ಏಳನೇ ಕಲಂ ಹೇಳಿರಲಿಲ್ಲ.

ಒಂದು ಸಂಜೆ ಕೋಪರಿಗೆ ಹಳೆಯ ಸ್ನೇಹಿತರೊಬ್ಬರನ್ನು ನೋಡಲು ಹೋದವನು ಠಾಣೆ ಸ್ಟೇಶನ್ನಿಗೆ ಬಂದೆ. ಪನ್ವೇಲ್ ಗಾಡಿ ಬರುವ ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಅಕ್ಕ ಕೂತಿದ್ದರು. ಮಡಿಲಲ್ಲಿ ಪ್ಲಾಸ್ಟಿಕ್ ಚೀಲ ಬಿಡಿಸಿಟ್ಟುಕೊಂಡು ಮೆಂತ್ಯ ಸೊಪ್ಪು ಸೋಸುತ್ತಿದ್ದರು. ಗದಗದಿಂದ ಬಂದ ಆ ತಾಯಿಗೆ ಇಷ್ಟ, ಗಂಡನ ಗಂಜಿ ಸೋಸಿ ಸೋಸಿ ತನಗೆ ಏನೂ ಮಾಡಿಕೊಳ್ಳುವುದಿಲ್ಲ, ನಾಳೆ ಬೆಳಿಗ್ಗೆ ಒಂದು ಪಲ್ಯ ಮಾಡಿಟ್ಟು ಹೋಗುತ್ತೇನೆ ಎಂದರು. ಕಾಲು ಊದಿದ್ದು ಸೀರೆಯ ಅಂಚಿನ ಕೆಳಗೆ ಕಾಣುತ್ತಿತ್ತು. ನೋಡಿ ನನಗೆ ಸಂಕಟವಾಯಿತು. ನಿಜವಾಗಿಯೂ ಆಯಿತು.

"ನಿಮಗೆ ತುಂಬ ತ್ರಾಸಾಗ್ತಾ ಉಂಟು ಅಕ್ಕ" ಎಂದೆ.

"ಇನ್ನ ಹನ್ನೆರಡ ದಿನ ಉಳದಾವ್ರಿ. ಅವರದ ಕರೆಂಟ್ ಮುಗೀತದ, ಊರಿಗೆ ಹೊಕ್ಕಾರ. ಆಮ್ಯಾಲ ನಾ ಮಗಳ ಮನ್ಯಾಗ ಆರಾಮ ಇರತೀನಿ. ಆಕೀಗೂ ಇನ್ನ ಭಾಳ ದಿನ ಅವ. ರೂಲ್ ಅಂದ್ರ ರೂಲ್ ಅಲ್ಲೇನ್ರಿ. ನಂದು ಒಬ್ಬಾಕಿದು ಬಿಟ್ರ, ಮ್ಯಾಲಿನ ಮನಿಯಾಂವ ಸುಮ್ಮನಿರತಾನೇನು? ನಿಮ್ಮ ಹೆಸರು ಕೆಡತದ."

ನನ್ನ ಹೆಸರಿನ ಚಿಂತೆ ಅವರಿಗೂ ಇತ್ತು. ಆಗ ಹೇಳಬೇಕಾಗಿತ್ತು. ಬಾಯಿಗೆ ಬಂದಿತ್ತು. ಆದರೆ ಈಗ ಹೇಳಿದರೆ, ಮೊದಲೇ ಯಾಕೆ ಹೇಳಲಿಲ್ಲ ಎನ್ನುವ ಪ್ರಶ್ನೆಗೂ ಉತ್ತರ ಕೊಡಬೇಕು. ಎರಡು ವಾರಕ್ಕಿಂತ ಹೆಚ್ಚು ದಿನ ಈ ಹೆಂಗಸನ್ನು ಸುಮ್ಮನೆ ಓಡಾಡಿಸಿದೆ ಎಂದು ಒಪ್ಪಿಕೊಳ್ಳಬೇಕು. ಹನ್ನೆರಡೇ ದಿನ ತಾನೆ, ಕಳೆದುಹೋಗುತ್ತದೆ ಎಂದುಕೊಂಡೆ. ಗಾಡಿ ಬಂತು. ಅವರು ಹೆಂಗಸರ ಡಬ್ಬಿಗೆ ಓಡಿದರು, ನಾನು ಹಿಂದಿನ ಡಬ್ಬಿ ಹತ್ತಿದೆ. ಐರೋಲಿ, ಘಣಸೋಲಿ, ತುರ್ಭೆ ದಾಟುವವರೆಗೂ ಇಳಿದ ಮೇಲೆ ಹೇಳೋಣ ಎಂದುಕೊಳ್ಳುತ್ತಲೇ ಇದ್ದೆ. ನೆರೂಳಿನಲ್ಲಿ ಇಳಿದಾಗ ಗುಂಪಿನಲ್ಲಿ ಅವರು ಕಾಣಲಿಲ್ಲ. ಹುಡುಕಿದ್ದರೆ ಸಿಗುತ್ತಿದ್ದರು.

ಅದಾಗಿ ಐದನೇ ದಿನ ಬೆಳಿಗ್ಗೆ ಹಾಲು ತರಲು ಇಳಿದೆ. ವಾಚ್‌ಮನ್ ನನ್ನನ್ನು ನೋಡಿದವನೇ ಎದ್ದು ಬಂದು, ಅಕ್ಕನ ಮಗಳ ವಿಷಯ ಗೊತ್ತಾಯಿತಾ ಎಂದು ಕೇಳಿದ. ರಾತ್ರಿ ಎರಡರ ಸುಮಾರಿಗೆ ಮಗಳ ಫೋನು ಬಂದಿತ್ತಂತೆ. ನೋವು ಶುರುವಾಗಿದೆ, ಗಂಡ ರಾತ್ರಿ ಪಾಳಿಯಲ್ಲಿದ್ದಾನೆ, ಪಕ್ಕದ ಮನೆಯ ಮರಾಠಿ ಹೆಂಗಸು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದಾಳೆ ಎಂದು. ಅಕ್ಕ ಕೆಳಗೆ ಬಂದರು. ಆ ಹೊತ್ತಿನಲ್ಲಿ ರೈಲಿಲ್ಲ. ಆಟೋದವನೊಬ್ಬ ಡೊಂಬಿವಲಿಯವರೆಗೆ ಆಗದು ಎಂದು ಹೋದ. ಮೊಬೈಲಿನಲ್ಲಿ ಟ್ಯಾಕ್ಸಿ ಕರೆಯಲು ಅವರಿಗೂ ಬಾರದು, ವಾಚ್‌ಮನ್ನನಿಗೂ ಬಾರದು. ಸೆಕ್ರೆಟರಿ ಸಾಹೇಬರನ್ನು ಎಬ್ಬಿಸಲಾ ಎಂದು ಅವನು ಕೇಳಿದ್ದಕ್ಕೆ, ಬೇಡ, ಅವರಿಗೆ ಯಾಕೆ ತೊಂದರೆ ಎಂದರಂತೆ. ಅವನ ಸ್ಟೂಲಿನ ಮೇಲೆ ಕೈಚೀಲ ಹಿಡಿದುಕೊಂಡು ಕೂತರು. ಮೊದಲ ಗಾಡಿಯ ಹೊತ್ತಾದಾಗ ಎದ್ದು ನಡೆದರು. ನಮ್ಮ ಮನೆ ಮೊದಲನೇ ಮಹಡಿಯಲ್ಲಿ, ಗೇಟಿನ ಮೇಲೆಯೇ. ನನ್ನ ಮೊಬೈಲಿನಲ್ಲಿ ಟ್ಯಾಕ್ಸಿಯ ಆ್ಯಪು ಎರಡು ಇವೆ.

ಹಾಲು ತರುವುದು ಬಿಟ್ಟು ಮೂರನೇ ಮಹಡಿಗೆ ಹೋದೆ. ಗದಗದ ಹೆಂಗಸು ಬಾಗಿಲು ತೆರೆದಳು. ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡಳು. ಮಗು ಹುಟ್ಟಿದೆ, ಗಂಡು, ದಿನ ತುಂಬದೆ ಹುಟ್ಟಿದ್ದರಿಂದ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ, ಅಕ್ಕ ಹೋಗಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು ಎಂದಳು. ಆಮೇಲೆ ದನಿ ಏರಿಸದೆ ಹೇಳಿದಳು:

"ಅವರು ದಿನಾ ಯಾಕ ಬರತಾರ ಅನ್ನೂದು ನಮಗ ಗೊತ್ತ ಇರಲಿಲ್ರಿ ಸಾಹೇಬ್ರ. ಮನೀ ಬಿಟ್ಟು ನಿದ್ದಿ ಹತ್ತಂಗಿಲ್ಲ ಅಂತ ಹೇಳಿದ್ರು. ಇವತ್ತ ವಾಚ್‌ಮನ್ ಹೇಳಿದ ಮ್ಯಾಲ ತಿಳೀತು. ಗೊತ್ತಿದ್ರ ನಾವು ಸ್ಟೇಶನ್‌ದಾಗ ಮಲಗ್ತಿದ್ವಿ."

ಒಳಗಿನ ಕೋಣೆಯಿಂದ ಅವಳ ಗಂಡ ಗಂಟಲು ಸರಿಪಡಿಸಿಕೊಳ್ಳಲು ನೋಡುತ್ತಿದ್ದ ಸದ್ದು ಕೇಳಿತು. ನಾನು ಕೆಳಗೆ ಬಂದೆ.

ಅವತ್ತೇ ಮಧ್ಯಾಹ್ನ ವಿನಾಯಿತಿಯ ಪತ್ರ ಟೈಪು ಮಾಡಿದೆ, ಯಾವ ಅರ್ಜಿಯೂ ಇಲ್ಲದೆ. ಅರ್ಜಿ ಇಲ್ಲವಲ್ಲ, ಕಮಿಟಿಯವರ ಸಹಿಯಾದರೂ ಇರಲಿ ಎಂದು ಒಂದೊಂದೇ ಬಾಗಿಲು ಬಡಿದೆ. ನಾನು ಇಷ್ಟು ದಿನ ಯಾವ ಮಾತಿಗೆ ಹೆದರಿದ್ದೆನೋ ಅದನ್ನು ಒಬ್ಬರೂ ಆಡಲಿಲ್ಲ. ಆವತ್ತು ತಮಾಷೆ ಮಾಡಿದ್ದ ಖಜಾಂಚಿಯವರೇ ಎಲ್ಲರಿಗಿಂತ ಮೊದಲು ಸಹಿ ಹಾಕಿದರು. ಹಾಕಿ, ಪೆನ್ನು ವಾಪಸು ಕೊಡುತ್ತಾ, ಇದನ್ನು ಮೊದಲ ದಿನವೇ ಕೊಡಬೇಕಿತ್ತಲ್ಲ, ಯಾಕೆ ತಡವಾಯಿತು ಎಂದು ಸಹಜವಾಗಿ ಕೇಳಿದರು. ಅರ್ಜಿ ಬಂದಿರಲಿಲ್ಲ ಎಂದೆ. ಹೌದಾ, ಅಕ್ಕನಿಗೆ ಗೊತ್ತಿರಲಿಲ್ಲವೇನೋ ಎಂದರು. ಅವರಿಗೆ ತಾವು ಆಡಿದ ತಮಾಷೆ ನೆನಪೇ ಇರಲಿಲ್ಲ. ನಾನು ಅದನ್ನು ಅಷ್ಟು ತಿಂಗಳು ಹೊಟ್ಟೆಯಲ್ಲಿಟ್ಟುಕೊಂಡು ಸಾಕಿದ್ದೆ. ವರ್ತಕ ನಗರದವರು ಇನ್ನೊಂದು ಮೇಲ್ ಬರೆದರು, ಏಳನೇ ಕಲಂ ತೋರಿಸಿ ಉತ್ತರ ಕೊಟ್ಟೆ. ಅಲ್ಲಿಗೆ ಮುಗಿಯಿತು. ಇಷ್ಟು ಸುಲಭವಾಗಿತ್ತು ಎಲ್ಲ.

ಅಕ್ಕ ಆಮೇಲೆ ಡೊಂಬಿವಲಿಯಲ್ಲೇ ಉಳಿದರು. ಗದಗದವರ ಕರೆಂಟು ಮುಗಿಯಿತು. ಹೋಗುವ ದಿನ ಬೀಗದ ಕೈಯನ್ನು ನಮ್ಮ ಮನೆಯಲ್ಲಿ ಕೊಟ್ಟು, ನನ್ನ ಹೆಂಡತಿಗೆ ನಮಸ್ಕಾರ ಮಾಡಿ ಹೋದರು. ಮಗು ಪೆಟ್ಟಿಗೆಯಿಂದ ಹೊರಗೆ ಬಂತು, ಮನೆಗೂ ಬಂತು. ಅಳಿಯ ಒಂದು ದಿನ ಅಕ್ಕನ ಔಷಧಿ ಒಯ್ಯಲು ಬಂದಿದ್ದ. ಅವನ ಬಾಯಿಂದ ಗೊತ್ತಾಯಿತು, ಮಗಳು ಅವ್ವನ ಹತ್ತಿರ ಮಾತಾಡುವುದಿಲ್ಲ. ಆಸ್ಪತ್ರೆಗೆ ಅವ್ವ ಓಡಿಬಂದಾಗ, ನಿನಗೆ ನನಗಿಂತ ನಿನ್ನ ಬಾಡಿಗೆಯವರು ಹೆಚ್ಚಾದರಲ್ಲ ಎಂದು ಒಂದೇ ಮಾತು ಅಂದವಳು ಬಾಯಿ ಮುಚ್ಚಿದ್ದಾಳೆ. ಅವ್ವ ದಿನಾ ಎಣ್ಣೆ ಹಚ್ಚಿ ಬಿಸಿನೀರು ಹಾಕುತ್ತಾರೆ, ಅಂಟಿನುಂಡೆ ಕಟ್ಟಿ ಕೊಡುತ್ತಾರೆ, ಕೂಸನ್ನು ಮಲಗಿಸುತ್ತಾರೆ. ಮಗಳು ಎಲ್ಲ ಮಾಡಿಸಿಕೊಳ್ಳುತ್ತಾಳೆ, ಮಾತಿಲ್ಲ. ಮೈಯನ್ನು ಆ ಕೈಗೆ ಕೊಟ್ಟು ಮುಖ ಗೋಡೆಗೆ ತಿರುಗಿಸುತ್ತಾಳೆ ಎಂದು ಹೇಳುವಾಗ ಆ ಹುಡುಗನ ಕಣ್ಣು ತುಂಬಿತ್ತು.

ಅವನು ಹೋದ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಹೆಂಡತಿಗೆ ಎಲ್ಲ ಹೇಳಿದೆ: ಅವಲಕ್ಕಿಯ ದಿನ, ಬಾಗಿಲಲ್ಲಿ ನಿಂತ ದಿನ, ಠಾಣೆಯ ಬೆಂಚು. ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ, ಬೈದಿದ್ದರೆ ಹಗುರವಾಗುತ್ತಿತ್ತು. "ಈರೇ ಪೋದು ಪಣ್ಲೆ" ಎಂದಳು. ನೀವೇ ಹೋಗಿ ಹೇಳಿ. ನೀನೂ ಬಾ ಎಂದೆ. ಕೂಸು ನೋಡಲು ಬರುತ್ತೇನೆ, ಆ ಮಾತು ನಿಮ್ಮದು ಎಂದಳು.

ಮುಂದಿನ ಭಾನುವಾರ ಹೋದೆವು. ನಿಯಮದ ಕಾಗದ ಮಡಚಿ ಜೇಬಿನಲ್ಲಿಟ್ಟುಕೊಂಡಿದ್ದೆ. ಡೊಂಬಿವಲಿ ಪೂರ್ವದಲ್ಲಿ ಎರಡನೇ ಮಹಡಿಯ ಸಣ್ಣ ಮನೆ, ಒಳಗೆಲ್ಲ ಲೋಬಾನದ ಹೊಗೆಯ ವಾಸನೆ. ಅಕ್ಕ ಬಾಗಿಲು ತೆರೆದು, ಬರ್ರಿ ಬರ್ರಿ ಎಂದು ನನಗೆ ಕುರ್ಚಿ, ನನ್ನ ಹೆಂಡತಿಗೆ ಮಂಚದ ಅಂಚು ಕೊಟ್ಟರು. ಇಳಿದುಹೋಗಿದ್ದರು. ಮಗಳು ಕಿವಿಗೆ ಬಟ್ಟೆ ಕಟ್ಟಿಕೊಂಡು ಮಂಚದ ಮೇಲೆ ಕೂಸಿನ ಪಕ್ಕ ಮಲಗಿದ್ದಳು. ನಮ್ಮನ್ನು ನೋಡಿ ನಕ್ಕಳು, ನಮಸ್ತೆ ಅಂಕಲ್ ಎಂದಳು. ಇಲ್ಲೇ ಹುಟ್ಟಿ ಬೆಳೆದವಳು, ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಮರಾಠಿಯಲ್ಲೋ ಹಿಂದಿಯಲ್ಲೋ. ಅವ್ವ ನೀರಿನ ಲೋಟ ಹಿಡಿದು ಹತ್ತಿರ ಹೋದಾಗ ಅವಳ ನಗು ಹೋಯಿತು. ಲೋಟ ತೆಗೆದುಕೊಂಡಳು, ಅವ್ವನ ಕಡೆ ನೋಡಲಿಲ್ಲ.

ಕೂಸನ್ನು ನೋಡಿದ್ದಾಯಿತು. ಹೆಂಡತಿ ತಂದಿದ್ದ ಅಂಗಿ, ಟೊಪ್ಪಿಗೆ ಕೊಟ್ಟಿದ್ದಾಯಿತು. ಚಹಾ ಬಂತು. ಇನ್ನು ತಡಮಾಡಿದರೆ ಈ ಸಲವೂ ಹೇಳದೆ ಎದ್ದುಹೋಗುತ್ತೇನೆ ಎಂದು ನನಗೇ ಗೊತ್ತಿತ್ತು. ಕಾಗದ ತೆಗೆದೆ.

"ಅಕ್ಕ, ಇದರಲ್ಲಿ ಏಳು ಕಲಂ ಉಂಟು. ನಾನು ನಿಮಗೆ ಆರೇ ಓದಿ ಹೇಳಿದ್ದು" ಎಂದೆ.

ಏಳನೆಯದನ್ನು ಓದಿದೆ. ಮನೆಯಲ್ಲಿ ಸಾವು, ಹೆರಿಗೆ, ಕಾಯಿಲೆ ಬಂದಲ್ಲಿ. ಹೆರಿಗೆ ಎನ್ನುವ ಮಾತು ಬಂದಾಗ ಮಂಚದ ಮೇಲೆ ಮಗಳು ಎದ್ದು ಕೂತಳು. ನಲವತ್ತೈದು ದಿನದವರೆಗೆ. ಅರ್ಜಿ ಒಂದು ಸಾಲಿನದಾದರೂ ಸಾಕು. ಕೊಡುವ ಅಧಿಕಾರ ನನ್ನದೇ. ಎಲ್ಲ ಹೇಳಿ, ಗೊತ್ತಿದ್ದೂ ಯಾಕೆ ಓದಲಿಲ್ಲ ಎನ್ನುವುದನ್ನೂ ಹೇಳಿದೆ. ನಮ್ಮ ಭಾಷೆಯವರಿಗೆ ಮಾಡಿಕೊಟ್ಟ ಎಂದು ಜನ ಆಡಿಕೊಳ್ಳುತ್ತಾರೆ ಎನ್ನುವ ಹೆದರಿಕೆ, ಇಷ್ಟೇ, ಬೇರೆ ಏನೂ ಕಾರಣವಿಲ್ಲ ಎಂದೆ. ತಪ್ಪಾಯಿತು ಎಂದೆ. ಅಳು ಬಂತು, ತಡೆಯಲಿಲ್ಲ.

ಮೊದಲು ಮಾತಾಡಿದ್ದು ಮಗಳು. ಇನ್ನೊಮ್ಮೆ ಓದಿ ಅಂಕಲ್ ಎಂದು ಮರಾಠಿಯಲ್ಲಿ ಹೇಳಿದಳು. ಓದಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ. ಒಲೆಯ ಕಡೆ ಮುಖ ಮಾಡಿ ನಿಂತಿದ್ದ ಅವ್ವನ ಬೆನ್ನು ನೋಡುತ್ತಿದ್ದಳು. "ಅವ್ವಾ, ಇಲ್ಲಿ ಬಾ" ಎಂದಳು, ಕನ್ನಡದಲ್ಲಿ. ಅಕ್ಕ ಹೋಗಿ ಮಂಚದ ಹತ್ತಿರ ನೆಲದ ಮೇಲೆ ಕೂತರು. ಮಗಳು ಅವರ ಹೆಗಲಿಗೆ ಹಣೆ ಇಟ್ಟಳು. ನನ್ನ ಹೆಂಡತಿ ಕೂಸನ್ನು ಎತ್ತಿಕೊಂಡು ಕಿಟಕಿಯ ಹತ್ತಿರ ಹೋದಳು. ನಾನು ಎಲ್ಲಿ ನೋಡಬೇಕೆಂದು ತಿಳಿಯದೆ ಕಾಗದವನ್ನೇ ನೋಡುತ್ತಾ ಕೂತೆ.

ಹೊರಡುವಾಗ ಅಕ್ಕ ಮೆಟ್ಟಿಲವರೆಗೆ ಬಂದರು. ಬೈಯಲಿ ಎಂದು ಕಾಯುತ್ತಿದ್ದೆ. ಅವರು ಬೈಯಲಿಲ್ಲ, ಹೋಗಲಿ ಬಿಡ್ರಿ ಎಂದೂ ಅನ್ನಲಿಲ್ಲ. ಮೆಟ್ಟಿಲ ಕಂಬಿ ಹಿಡಿದು ನಿಂತು, ಹೆಂಡತಿ ಎರಡು ಮೆಟ್ಟಿಲು ಮುಂದೆ ಇಳಿದ ಮೇಲೆ, ನನಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ ಹೇಳಿದರು.

"ಆ ಕಾಗದ ಬಂದ ದಿನ ಎದುರಮನಿ ಟೀಚರಬಾಯಿ ಓದಿ ಹೇಳತೀನಿ ಅಂದಿದ್ಲರಿ ಅಣ್ಣಾರ. ನಾನ ಬ್ಯಾಡ ಅಂದೆ. ನಮ್ಮವರು ಒಬ್ಬರು ಅದಾರ, ಅವರ ಕಡೆ ಓದಿಸ್ಕೋತೀನಿ ಅಂದೆ."